ಯಶಸ್ವಿನಿ ಟೊಮೇಟೊ

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಗ್ರಹಣದ ದಿನ ಬೇಕೆಂದೇ ಚಿತ್ರಾನ್ನ ಕಲಸಿಕೊಂಡು ಗೇಟಿನ ಮುಂದೆ ನಿಂತು ತಿಂದವಳು. ಅಂಥವಳು ಟೊಮೇಟೊ ಗಿಡ ಬಾಡಿದ್ದನ್ನು ನೋಡಿ ಟೆರೇಸಿನ ಮೇಲೆ ಕುಸಿದು ಕೂತೆ ಅಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಯಾರೂ ನಂಬಲಿಕ್ಕಿಲ್ಲ.

ಆ ಗಿಡಕ್ಕೆ ನನ್ನ ಮಗಳ ಹೆಸರಿತ್ತು.

ಇದೆಲ್ಲ ನಮ್ಮ ಅತ್ತೆ ಕೊಲ್ಲಾಪುರಮ್ಮನವರ ಕಾರುಬಾರು. ಅವರ ತವರು ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರ. ಅಲ್ಲಿಯ ನಾಟಿ ಟೊಮೇಟೊಗೆ ಅವರ ಕಡೆಯವರು ಮನೆಯ ಮನುಷ್ಯರೊಬ್ಬರ ಹೆಸರಿಟ್ಟೇ ಬೆಳೆಯುವುದು. ನನಗೆ ಮಗಳು ಹುಟ್ಟಿ ಯಶಸ್ವಿನಿ ಅಂತ ಹೆಸರಿಟ್ಟ ದಿನವೇ ಅತ್ತೆ ಸೆರಗಿನ ಗಂಟು ಬಿಚ್ಚಿ, ತವರಿನಿಂದ ತಂದ ಬೀಜಕ್ಕೂ ಅದೇ ಹೆಸರು ಕೂಗಿದರು. ಪುಟ್ಟ ಕುಂಬಳಕಾಯಿಯ ಹಾಗೆ ಏಣುಏಣಾಗಿ ಉಬ್ಬಿದ ಹಣ್ಣು. ಹುಳಿ ಎಷ್ಟೆಂದರೆ, ಅಂಗಡಿ ಹಣ್ಣು ನಾಲ್ಕು ಬೇಕಾದ ಸಾರಿಗೆ ಇದು ಎರಡು ಸಾಕು. ಪ್ರತಿ ವರ್ಷ ಚೆನ್ನಾಗಿ ಕಳಿತ ಹಣ್ಣನ್ನು ತೆಂಗಿನ ಚಿಪ್ಪಿಗೆ ಹಿಂಡಿ, ಅಡುಗೆಮನೆಯೆಲ್ಲ ನಾತ ಹೊಡೆಯುವ ತನಕ ಹುಳಿ ಬರಿಸಿ, ತೊಳೆದು, ಬೂದಿಯಲ್ಲಿ ಹೊರಳಿಸಿ ಬೀಜ ಒಣಗಿಸುತ್ತಿದ್ದರು. ಕೇಳಿದವರಿಗೆಲ್ಲ ಕೊಡುತ್ತಿದ್ದರು. ಯಶುವನ್ನು ಕುಣಿಗಲ್‌ಗೆ ಮದುವೆ ಮಾಡಿಕೊಟ್ಟಾಗ ಬೀಗರ ಮನೆಗೂ ಕಟ್ಟಿ ಕಳಿಸಿದರು. ಅಲ್ಲಿ ಕೋತಿಗಳು ಒಂದನ್ನೂ ಉಳಿಸಲಿಲ್ಲ.

ಯಶುವಿಗೆ ಚಿಕ್ಕಂದಿನಲ್ಲಿ ಜ್ವರ ಬಂದರೆ ಅತ್ತೆ ಅವಳನ್ನು ಎತ್ತಿಕೊಂಡು ಹೋಗಿ ಗಿಡ ತೋರಿಸುತ್ತಿದ್ದರು. "ನೋಡವ್ವ, ಅವ್ಳು ಚೆನ್ನಾಗವ್ಳೆ. ನೀನೂ ನಾಳೆ ಎದ್ದು ಓಡಾಡ್ತೀಯ." ನಾನು ಒಳಗೆ ಮಾತ್ರೆ ಪುಡಿ ಮಾಡುತ್ತಾ ನಗುತ್ತಿದ್ದೆ. ಮಗು ಮಾತ್ರ ನಂಬುತ್ತಿತ್ತು.

ಈಗ ಯಶು ಎಂಟು ತಿಂಗಳ ಬಸುರಿಯಾಗಿದ್ದಳು. ಬಿಪಿ ಏರುತ್ತಿದೆ ಎಂದು ತುಮಕೂರಿನ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದೆವು. ಅಳಿಯ ಜೊತೆಗಿದ್ದ. ಡಾಕ್ಟರಮ್ಮ ದಿನಾ ಬಂದು "ನೋಡೋಣ" ಅನ್ನುತ್ತಿದ್ದರು.

ಅಂಥ ಹೊತ್ತಿನಲ್ಲಿ ಗಿಡ ಬಾಡಿತು. ಎಲೆ ಹಳದಿಯಾಗಿರಲಿಲ್ಲ, ಹುಳ ಬಿದ್ದಿರಲಿಲ್ಲ. ಟೆರೇಸಿನಲ್ಲಿ ಮಣ್ಣು ತುಂಬಿಟ್ಟ ಮೂರು ಚೀಲದ ಗಿಡಗಳೂ ಹಸಿರಾಗಿರುವಂತೆಯೇ ಜೋತುಬಿದ್ದಿದ್ದವು. ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ಇಳಿಬಿಟ್ಟೆ. ಸ್ವಲ್ಪ ಹೊತ್ತಿಗೆ ಬಿಳಿ ನೂಲಿನಂಥದ್ದು ನೀರಿಗೆ ಇಳಿಯಿತು. ಸೊರಗು ರೋಗ. ಮಣ್ಣಿನಿಂದ ಬರುವ ಬ್ಯಾಕ್ಟೀರಿಯಾ. ಎಲ್ಲ ಗೊತ್ತು, ಆದರೂ ಲೋಟ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟೆ.

"ಶಶೀ, ಮೇಲಿದ್ದೀಯೇನೇ? ನಮ್ಮ ಯಶು ಹೆಂಗವ್ಳೆ?" ಕೆಳಗಿನಿಂದ ಅತ್ತೆ ಕೂಗಿದರು. ಮಂಡಿ ನೋವಿನಿಂದ ಅವರು ಮೇಲೆ ಹತ್ತುವುದು ಬಿಟ್ಟು ಬಹಳ ಕಾಲವಾಗಿತ್ತು. ಗಿಡದ ಯೋಗಕ್ಷೇಮ ವಿಚಾರಿಸುವುದು ಹೀಗೇ.

"ಚೆನ್ನಾಗಿದಾಳೆ ಅತ್ತೆ" ಅಂದೆ. ಚೀಲಗಳನ್ನು ನೀರಿನ ಟ್ಯಾಂಕಿನ ಹಿಂದಕ್ಕೆ ಎಳೆದು ಮುಚ್ಚಿಟ್ಟೆ. ಬೀಜ ಇದೆಯಾ ಎಂದು ಕೇಳುವ ಹಾಗಿರಲಿಲ್ಲ. ಕೇಳಿದರೆ ಯಾಕೆ ಅನ್ನುತ್ತಾರೆ.

ಆಮೇಲೆ ಅವರು ದಿನಾ ಕೇಳಿದರು, ನಾನು ದಿನಾ ಅದೇ ಸುಳ್ಳು ಹೇಳಿದೆ. ಆಸ್ಪತ್ರೆಯಲ್ಲಿ ಯಶುವಿನ ಪಾದ ಊದಿಕೊಂಡು ಚಪ್ಪಲಿ ಹಿಡಿಸುತ್ತಿರಲಿಲ್ಲ. ಹೀಗೆ ವಾರ ಕಳೆದ ಮೇಲೆ ಅವಳೇ ಕೇಳಿದಳು. "ಅಮ್ಮಾ, ನನ್ನ ಗಿಡದ ಒಂದು ಫೋಟೋ ಕಳ್ಸು. ಯಾಕೋ ನೋಡ್ಬೇಕು ಅನ್ನಿಸ್ತಿದೆ."

ಮೊಬೈಲ್ ಹ್ಯಾಂಗ್ ಆಗಿದೆ ಅಂದೆ, ಚಾರ್ಜ್ ಇಲ್ಲ ಅಂದೆ. "ಪರವಾಗಿಲ್ಲ ಬಿಡು" ಅಂದಳು, ನನ್ನ ಮುಖವನ್ನೇ ನೋಡುತ್ತಾ. ಆ ನೋಟ ನನಗೆ ತಡೆಯಲಾಗಲಿಲ್ಲ. ಮರುದಿನ ಸ್ಕೂಲಿಗೆ ರಜೆ ಹಾಕಿ, ಅತ್ತೆಗೆ ಹೇಳದೆ, ಗುಬ್ಬಿ ಮೇಲೆ ಸಿ.ಎಸ್. ಪುರಕ್ಕೆ ಹೋದೆ. ಅಲ್ಲಿ ಅತ್ತೆಯ ಬಾಲ್ಯದ ಗೆಳತಿ ಹನುಮಮ್ಮ ಅದೇ ಬೀಜ ಬೆಳೆಯುತ್ತಾರೆ ಎಂದು ಕೇಳಿದ್ದೆ. ಒಂದು ಜೀವಂತ ಗಿಡ ಕಣ್ಣಿಗೆ ಬಿದ್ದರೆ ಸಾಕಿತ್ತು ನನಗೆ.

ಹನುಮಮ್ಮನ ಹಿತ್ತಲಲ್ಲಿ ಗಿಡ ಬಚ್ಚಲ ನೀರು ಹರಿಯುವ ಕಡೆ ಬೆಳೆದಿತ್ತು, ಕೊಂಬೆ ಮುರಿಯುವಷ್ಟು ಹಣ್ಣು. ಎಷ್ಟೋ ದಿನದ ಮೇಲೆ ಎದೆ ತುಂಬ ಉಸಿರಾಡಿದೆ.

"ಇಲ್ಲೂ ಯಶಸ್ವಿನಿ ಅಂತಾನೇ ಕರೀತೀರಾ ಅಮ್ಮಾ?"

"ಇಲ್ಲ ಕಣವ್ವ. ಬೀಜ ಒಂದೇ, ಹೆಸ್ರು ಅವರವರ ಮನೇದು. ಇದು ನಮ್ಮ ಗಿರಿಯಮ್ಮ. ನನ್ನ ಮಗಳು."

"ಎಲ್ಲಿದಾರೆ ಅವರು?"

"ಹೋಗಿ ಎಂಟೊಂಬತ್ತು ವರ್ಷ ಆಯ್ತು. ಅವ್ಳು ಆಸ್ಪತ್ರೆಲಿ ಇದ್ದಾಗ ಗಿಡ ಹಿಂಗೇ ಬಿಟ್ಟಿತ್ತು. ಮಣ್ ಮಾಡಿ ಬಂದ್ಮೇಲೂ ಕಿತ್ತಷ್ಟೂ ಹಣ್ಣಾಯ್ತಿತ್ತು."

ಗಿಡ ಸತ್ತರೆ ಮಗಳಿಗೆ ಏನಾಗುವುದೋ ಎಂದು ಹೆದರಿ ಓಡಿಬಂದಿದ್ದೆ. ಗಿಡ ಚೆನ್ನಾಗಿದ್ದರೂ ಮಗಳು ಹೋಗಬಹುದು ಎಂದು ಇಲ್ಲಿ ಗೊತ್ತಾಯಿತು. ಹಾಗಾದರೆ ಹಿಡಿದುಕೊಳ್ಳಲು ಇನ್ನೇನು ಉಳಿಯಿತು?

"ಮತ್ಯಾಕೆ ಬೆಳೀತೀರಾ?" ನನ್ನ ದನಿ ಗಟ್ಟಿಯಾಗಿಯೇ ಬಂತು.

ಹನುಮಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. "ನೀರು ಹಾಕ್ವಾಗ ಹೆಸ್ರು ಕರೀಬೋದಲ್ಲವ್ವ" ಅಂದರು. ಹಣ್ಣು ಕಿತ್ತು ನನ್ನ ಬ್ಯಾಗಿಗೆ ತುಂಬಿದರು.

ಆದರೂ ಫೋಟೋ ತೆಗೆದೆ. ನೆಲ ಕಾಣದ ಹಾಗೆ ಹಣ್ಣಿನ ಗೊಂಚಲೊಂದನ್ನೇ ಹಿಡಿದು ಯಶುವಿಗೆ ಕಳಿಸಿದೆ. ಗುಬ್ಬಿ ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಅಳಿಯನ ಫೋನು. "ಅತ್ತೆ, ಬಿಪಿ ತುಂಬಾ ಜಾಸ್ತಿ ಆಗ್ಬಿಟ್ಟಿದೆ. ಆಪರೇಷನ್ನಿಗೆ ಕರ್ಕೊಂಡ್ ಹೋದ್ರು. ಬೇಗ ಬನ್ನಿ."

ತುಮಕೂರಿನವರೆಗೂ ಆ ಹಣ್ಣುಗಳು ನನ್ನ ತೊಡೆಯ ಮೇಲಿದ್ದವು. ಸತ್ತವಳ ಹೆಸರಿನ ಹಣ್ಣು. ಕಿಟಕಿಯಿಂದ ಎಸೆದುಬಿಡೋಣ ಅನ್ನಿಸಿತು. ಎಸೆದರೆ ಏನಾದರೂ ಆದೀತು ಎಂದು ಎಸೆಯಲೂ ಭಯ. ಪಕ್ಕದ ಹೆಂಗಸು ಯಾವ ಊರು ಅಂತ ಎರಡು ಸಲ ಕೇಳಿದಳು. ನಾನು ಬ್ಯಾಗನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡೆ.

ಆಪರೇಷನ್ ಥಿಯೇಟರಿನ ಮುಂದಿನ ಬೆಂಚಿನ ಮೇಲೆ ಅತ್ತೆ ಕೂತಿದ್ದರು. ಅಳಿಯ ಫೋನು ಮಾಡಿದ ಕೂಡಲೇ ಉಪ್ಪಾರಹಳ್ಳಿಯ ನಮ್ಮ ಮನೆಯಿಂದ ಒಬ್ಬರೇ ಆಟೋ ಹಿಡಿದು ಬಂದಿದ್ದರು. ಕೈಯಲ್ಲಿ ಕತ್ತರಿಸಿದ ಹಾಲಿನ ಪ್ಯಾಕೆಟ್ಟು, ಅದರ ತುಂಬ ಮಣ್ಣು, ಮಣ್ಣಿನಲ್ಲಿ ಎರಡೆರಡು ಎಲೆಯ ಪುಟಾಣಿ ಸಸಿಗಳು.

"ಟ್ಯಾಂಕ್ ಹಿಂದೆ ಬಚ್ಚಿಟ್ಟಿದ್ದೆ ಅಲ್ವೇನೇ?" ಅಂದರು. "ಅವತ್ತೇ ನೀನು ಸ್ಕೂಲಿಗೆ ಹೋದ್ಮೇಲೆ ಮೆಟ್ಲು ಮೆಟ್ಲಿಗೂ ಕೂತ್ಕೊಂಡು ಹತ್ತಿದೆ. ನಿನ್ನ ದನಿಲೇ ಗೊತ್ತಾಗಿತ್ತು. ಉಳಿದಿದ್ದ ಬೀಜನೆಲ್ಲ ಹಾಕ್ದೆ."

"ಗೊತ್ತಿದ್ದೂ ದಿನಾ ಯಾಕೆ ಕೇಳ್ತಿದ್ರಿ?"

"ಚೆನ್ನಾಗವ್ಳೆ ಅಂತ ನೀನು ಅನ್ನೋದು ಕೇಳೋಕೆ."

ನನಗೆ ಅಳು ಒತ್ತರಿಸಿ ಬಂತು. ಹನುಮಮ್ಮನ ಮನೆಗೆ ಹೋಗಿದ್ದನ್ನು ಹೇಳಿದೆ. "ಗಿರಿಯಮ್ಮನ ವಿಷ್ಯ ನಿಮಗೆ ಗೊತ್ತಿತ್ತಾ?"

"ಮಣ್ಣಿಗೆ ಹೋಗಿದ್ದೋಳು ನಾನು, ಗೊತ್ತಿರಲ್ವಾ?"

"ಹಂಗಿದ್ರೂ ನಂಬ್ತೀರಲ್ಲ!"

"ನಂಬೋದಲ್ಲ ಕಣೇ, ಹೆದ್ರಿಕೆ. ಸುಮ್ನೆ ಕೂತ್ರೆ ಅದು ನನ್ನ ತಿಂದಾಕ್ತದೆ." ಸಸಿಗಳ ಮೇಲೆ ಕೈ ಅಡ್ಡ ಹಿಡಿದರು, ಫ್ಯಾನಿನ ಗಾಳಿ ತಾಕದ ಹಾಗೆ. "ಈ ಸಲ ನನ್ನ ಹೆಸ್ರು ಹೇಳ್ಕೊಂಡೇ ಬಿತ್ತಿದೀನಿ. ಒಣಗಿದ್ರೆ ಒಣಗ್ಲಿ ಬುಡು, ನಂದೇನದೆ."

"ಅದೆಲ್ಲ ಆಗಲ್ಲ. ನನ್ನ ಹೆಸರಿಡಿ."

"ನಿಂಗೆ ಬಾಣಂತನ ಮಾಡೋದಿದೆ. ಬಾಯ್ಮುಚ್ಕೊಂಡು ಕೂತ್ಕೋ."

ಇಷ್ಟು ವರ್ಷ ಉಪ್ಪು ಖಾರಕ್ಕೆಲ್ಲ ಜಗಳ ಆಡಿದ್ದೆವು. ನಾನು ಸಾಯುತ್ತೇನೆ, ನೀನಲ್ಲ ಎಂದು ಜಗಳ ಆಡಿದ್ದು ಅದೇ ಮೊದಲು. ನರ್ಸ್ ಹೊರಗೆ ಬಂದು ನಮ್ಮಿಬ್ಬರನ್ನೂ ಗದರಿಸಿದಳು.

ಅವಳೇ ಆಮೇಲೆ ಮತ್ತೆ ಬಂದಳು. ಹೆಣ್ಣು ಮಗು, ತೂಕ ಕಮ್ಮಿ, ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ತಾಯಿಗೆ ಇನ್ನೂ ಎಚ್ಚರವಾಗಿಲ್ಲ. ಆ 'ಇನ್ನೂ' ಅನ್ನುವ ಮಾತಿನಲ್ಲಿ ನಾವು ಸಂಜೆಯವರೆಗೆ ಕೂತಿದ್ದೆವು. ಅಳಿಯ ಗೋಡೆ ಹಿಡಿದು ನಿಂತಿದ್ದ. ಅತ್ತೆ ನನ್ನ ಕೈ ಬಿಡಲಿಲ್ಲ, ನಾನೂ ಬಿಡಿಸಿಕೊಳ್ಳಲಿಲ್ಲ.

ಒಳಗೆ ಬಿಟ್ಟಾಗ ಯಶು ಕಣ್ಣು ಬಿಟ್ಟಿದ್ದಳು. ತುಟಿ ಒಡೆದಿತ್ತು. ಅವಳು ಮೊದಲು ಕೇಳಿದ್ದು ಮಗುವನ್ನು. ಎರಡನೆಯದು ಇದು. "ಅಮ್ಮಾ, ಆ ಫೋಟೋದಲ್ಲಿ ಎಲೆ ಸಂದಿಲಿ ಕೋಳಿ ಕಾಲು ಕಾಣ್ತಿತ್ತು. ನಮ್ಮ ಟೆರೇಸಲ್ಲಿ ಕೋಳಿ ಎಲ್ಲಿಂದ ಬಂತು?"

ನಾನು ಅವಳ ಹೊದಿಕೆ ಸರಿಮಾಡಿದೆ.

"ನನ್ನ ಗಿಡ ಒಣಗೋಯ್ತು ಅಲ್ವಾ?"

"ಹೂಂ ಕಣೇ. ಆದ್ರೆ ನೀನಿದೀಯ."

"ಈಗ ಬೇರೆ ಹಾಕಿದೀರಾ? ಯಾರ ಹೆಸರಿಟ್ರಿ? ಅಜ್ಜಿದಾ?" ಅವಳ ಕಣ್ಣಿನಲ್ಲಿ ನೀರು ತುಂಬಿತು. "ಅಜ್ಜಿದು ಬೇಡಮ್ಮಾ..."

"ಅಜ್ಜಿದಲ್ಲ, ನಂದು" ಅಂದುಬಿಟ್ಟೆ. ಅವಳಿಗೆ ಸಮಾಧಾನವಾಗಲಿ ಎಂದು. ಸಮಾಧಾನವಾಗಲಿಲ್ಲ. ಸೂಜಿ ಚುಚ್ಚಿದ್ದ ಕೈಯಲ್ಲೇ ನನ್ನ ಬೆರಳನ್ನು ಹಿಡಿದುಕೊಂಡಳು.

ಈಗ ತಾಯಿ ಮಗು ಇಬ್ಬರೂ ಮನೆಗೆ ಬಂದಿದ್ದಾರೆ. ಮಗುವಿನ ಹೆಸರನ್ನು ಯಾವ ಗಿಡಕ್ಕೂ ಇಡುವುದಿಲ್ಲ ಎಂದು ಅತ್ತೆಯಿಂದ ಆಣೆ ಹಾಕಿಸಿಕೊಂಡಿದ್ದೇನೆ. ಹೊಸ ಚೀಲ, ಹೊಸ ಮಣ್ಣು. ನನ್ನ ಹೆಸರಿನ ಸಸಿಗಳು ಮೊಣಕಾಲೆತ್ತರ ಬಂದಿವೆ. ಬೆಳಿಗ್ಗೆ ನಾನು ಮೇಲೆ ಹತ್ತಿದ್ದು ಗೊತ್ತಾದ ಕೂಡಲೇ ಕೆಳಗಿನ ಕೋಣೆಯಿಂದ ಯಶು ಕೂಗುತ್ತಾಳೆ.

"ಅಮ್ಮಾ, ಹೆಂಗಿದೀಯಾ?"

ನಾನು ತಕ್ಷಣ ಉತ್ತರ ಕೊಡುವುದಿಲ್ಲ. ಮೊದಲು ಬಗ್ಗಿ, ಒಂದೊಂದೇ ಎಲೆ ತಿರುಗಿಸಿ, ಕಾಂಡ ಒತ್ತಿ ನೋಡುತ್ತೇನೆ. ಆಮೇಲೆ ಚೆನ್ನಾಗಿದೀನಿ ಅನ್ನುತ್ತೇನೆ.