ಇಷ ಹಾಕಿದವರು

ಶಾಂಭವಿ ಒದ್ದ ರಭಸಕ್ಕೆ ನಾಗಿಯ ಎಳನೀರು ಗಾಡಿಯ ಕೆಳಗೆ ನಾಯಿ ಅರ್ಧ ತಿಂದು ಬಿಟ್ಟಿದ್ದ ಗೆರಟೆ ಉರುಳುತ್ತ ಹೋಗಿ ಪ್ರವಾಸಿಗರ ಕಾರಿಗೆ ಬಡಿಯಿತು. ಅದರಲ್ಲಿದ್ದ ಎಳೆ ಕೊಬ್ಬರಿ ರಸ್ತೆಗೆ ಚೆಲ್ಲಿತು.

"ಎಂತ ಹಾಕ್ದೆ ನಮ್ಮ ಚಿಕ್ಕುಗೆ? ಸತ್ಯ ಹೇಳು."

ನಾಗಿ ಕೈಲಿದ್ದ ಕತ್ತಿ ಕೆಳಗಿಡದೆ ತಿರುಗಿದಳು. "ನಿನ್ನ ಕುನ್ನಿಗೆ ಹಾಕ್ತಾ ಕೂರೂಕೆ ನಂಗೆ ಬೇರೆ ಕೆಲ್ಸ ಇಲ್ಲಾ?"

ಶಾಂಭವಿಯ ತೋಳಿನಲ್ಲಿ ಚಿಕ್ಕು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಮೊಲದಷ್ಟೇ ಇದ್ದ ಆ ಕಂದು ನಾಯಿ ಹಾಲು ಮೂಸಿದರೆ ಮುಖ ತಿರುಗಿಸುತ್ತಿತ್ತು. ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೂ ಹಳದಿ ನೊರೆ ಕಕ್ಕುತ್ತಿತ್ತು, ನಿಂತಲ್ಲೇ ಭೇದಿಯಾಗುತ್ತಿತ್ತು.

ಅಪ್ಸರಕೊಂಡದ ರಸ್ತೆಯಲ್ಲಿ ಶಾಂಭವಿಯ ಚಾ ಅಂಗಡಿ ಹಳೆಯದು. ಅದರ ಎದುರಿನ ನೆರಳಿಗೇ ನಾಗಿ ಗಾಡಿ ತಂದು ನಿಲ್ಲಿಸಿದಂದಿನಿಂದ ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಎಳನೀರು ಕುಡಿದವರು ಚಾ ಕೇಳುತ್ತಿರಲಿಲ್ಲ. ಹೋದ ವಾರ ಚಿಕ್ಕು ಎಳನೀರಿನ ರಾಶಿಗೆ ಕಾಲೆತ್ತಿದಾಗ, "ಈ ಕುನ್ನಿ ಒಂದಿನ ನನ್ ಕೈಲೇ ಸಾಯ್ತದೆ" ಎಂದು ನಾಗಿ ಕೂಗಿದ್ದನ್ನು ಎಲ್ಲರೂ ಕೇಳಿದ್ದರು.

ಶಾಂಭವಿಯ ಗಂಡ ದೇವರಾಜ ಸ್ಕೂಟರ್ ತಂದ. ಅವಳು ನಾಯಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹಿಂದೆ ಕೂತಳು. ಹೊನ್ನಾವರ ಮುಟ್ಟುವವರೆಗೂ ನಾಗಿಯ ವಂಶವನ್ನೆಲ್ಲ ಬೈಯುತ್ತಲೇ ಇದ್ದಳು.

ಡಾಕ್ಟರು ಚಿಕ್ಕುವಿನ ತುಟಿ ಎತ್ತಿ ನೋಡಿದರು. ಒಸಡು ಸುಣ್ಣ ಬಳಿದ ಹಾಗೆ ಬಿಳುಚಿತ್ತು.

"ಎಂತ ತಿನ್ನಸ್ತೀರಿ?"

"ಅನ್ನ, ಮೀನು. ಸಂಜೆಗೆ ಅಂಗ್ಡೀಲಿ ಕರ್ದು ಉಳಿದ ಬಜೆ."

"ಎಂತ ಬಜೆ?"

"ನೀರುಳ್ಳಿದು. ಅದಂದ್ರೆ ಜೀವ ಇದ್ಕೆ."

ಡಾಕ್ಟರು ಕೈಗವಸು ತೆಗೆದರು. "ನೀರುಳ್ಳಿ ನಾಯಿಗೆ ವಿಷ ಅಮ್ಮ. ರಕ್ತವನ್ನೇ ಒಡೀತದೆ. ದಿನಾ ಹಾಕ್ತಿದ್ರಾ?"

ಶಾಂಭವಿ ಬಾಗಿಲ ಕಡೆ ನೋಡಿದಳು. "ಹೌದು" ಎಂದವನು ದೇವರಾಜ.

ಸೂಜಿ ಚುಚ್ಚಿ, ಸಲೈನ್ ಹಾಕಿದರು. ಉಳಿಯಬಹುದು, ತೆಳು ಗಂಜಿ ಕುಡಿಸಿ, ಎಣ್ಣೆ ನೀರುಳ್ಳಿ ಮುಟ್ಟಿಸಬೇಡಿ ಎಂದರು.

ಶರಾವತಿ ಸೇತುವೆಯ ಮೇಲೆ ದೇವರಾಜ ಗಾಳಿಗೆ ಎದುರಾಗಿ ಹೇಳಿದ: "ನಾಗಿ ಹತ್ರ ಒಂದ್ ಮಾತು ಹೇಳ್ಬಿಡು."

"ಎಂತ ಮಾತು?"

"ನಿಂಗೇ ಗೊತ್ತಲ."

ದಾರಿಯುದ್ದಕ್ಕೂ ಅವಳು ಆ ಮಾತನ್ನು ಬಾಯೊಳಗೆ ಹೊರಳಿಸುತ್ತಲೇ ಇದ್ದಳು. ಗಾಡಿಯ ಹತ್ತಿರ ಯಾರೂ ಇಲ್ಲದಿದ್ದರೆ ಹೇಳಿಬಿಡುತ್ತಿದ್ದಳೋ ಏನೋ.

ಯಾರೂ ಇಲ್ಲದೆ ಇರಲಿಲ್ಲ. ಅನಾನಸು ಮಾರುವ ದಾಸ ಎಳನೀರು ಹಿಡಿದು ನಿಂತಿದ್ದ. ಮಕ್ಕಳೊಂದಿಗೆ ಬಂದ ಪ್ರವಾಸಿಗರಿದ್ದರು.

"ಬಂದ್ಳು ನೋಡಿ ಮಹಾರಾಣಿ" ಎಂದಳು ನಾಗಿ. "ಎಂತ ಅಂದ್ರೆ ಡಾಕ್ಟ್ರು? ನಾ ಎಂತ ಹಾಕಿದ್ದೆ ಅಂತ ಹೇಳೇ, ಎಲ್ರೂ ಕೇಳ್ಲಿ."

ದಾಸ ಕಿಸಕ್ಕನೆ ನಕ್ಕ.

"ಇಷ ಅಂದ್ರು" ಎಂದಳು ಶಾಂಭವಿ. "ಬೇಕಾದ್ರೆ ಇವ್ರನ್ನೇ ಕೇಳಿ."

ಎಲ್ಲರೂ ದೇವರಾಜನನ್ನು ನೋಡಿದರು. ಅವನು ಸ್ಕೂಟರಿನ ಸ್ಟ್ಯಾಂಡ್ ಹಾಕುತ್ತಿದ್ದ. ಹಾಕಿ ಮುಗಿದ ಮೇಲೂ ಬಗ್ಗಿಕೊಂಡೇ ಇದ್ದ.

"ಡಾಕ್ಟ್ರು ಹಾಗೇ ಅಂದ್ರು" ಎಂದ.

ದಾಸ ಅರ್ಧ ಕುಡಿದ ಎಳನೀರನ್ನು ಗಾಡಿಯ ಮೇಲೆ ಮೆಲ್ಲಗೆ ಇಟ್ಟ. ಒಬ್ಬ ಹೆಂಗಸು ಮಗಳ ಕೈಯಿಂದ ಸ್ಟ್ರಾ ಕಸಿದುಕೊಂಡಳು. ನಾಗಿ ದಾಸ ಇಟ್ಟ ಎಳನೀರನ್ನು ನೋಡಿದಳು. ಆಮೇಲೆ ಶಾಂಭವಿಗೆ ಮಾತ್ರ ಕೇಳುವಷ್ಟು ಸಣ್ಣಗೆ, "ನಿನ್ ನಾಲ್ಗೆ ಹುಳ ಹಿಡ್ದು ಹೋಗ್ಲಿ" ಎಂದಳು.

ಮರುದಿನ ಬೆಳಿಗ್ಗೆ ನಾಗಿ ಗಾಡಿ ಕಟ್ಟಿದಳು. ಕೆಳಗಿನ ತಿರುವಿಗೆ ಹೊರಟಿದ್ದಳು. ಅಲ್ಲಿ ಕಾರುಗಳು ನಿಲ್ಲುವುದಿಲ್ಲ. ಚಕ್ರ ಮರಳಿನಲ್ಲಿ ಸಿಕ್ಕಿದಾಗ ದೇವರಾಜ ಹೋಗಿ ಹಿಂದಿನಿಂದ ಕೈಕೊಟ್ಟ.

"ಕೈ ತೆಗಿ" ಎಂದಳು ನಾಗಿ.

ಅವನು ತೆಗೆದ. ಅವಳೊಬ್ಬಳೇ ಎಳೆದುಕೊಂಡು ಹೋದಳು.

ಶಾಂಭವಿ ಗಂಜಿಯ ತಟ್ಟೆಯನ್ನು ಅಂಗಡಿಯ ಮೆಟ್ಟಿಲ ಮೇಲಿಟ್ಟಳು. ಚಿಕ್ಕು ಎರಡು ಸಲ ನಾಲಿಗೆ ಚಾಚಿ ನೆಕ್ಕಿತು. ಆಮೇಲೆ ನಡುಗುವ ಕಾಲಲ್ಲಿ ಮೆಟ್ಟಿಲಿಳಿದು ರಸ್ತೆ ದಾಟಿ, ಗಾಡಿ ನಿಂತಿದ್ದಲ್ಲಿ ಚೌಕವಾಗಿ ತಣ್ಣಗೆ ಉಳಿದಿದ್ದ ನೆಲವನ್ನು ಮೂಸಿ, ಸುತ್ತು ಹಾಕಿ ಮಲಗಿತು.

"ಚಿಕ್ಕೂ" ಎಂದು ಅವಳು ಕರೆದಳು. "ಬಾ ಇಲ್ಲಿ."

ಒಂದು ಕಿವಿ ಅಲುಗಿತು. ನಾಯಿ ಏಳಲಿಲ್ಲ.