ಲಾಂಡ್ರಿಯಿಂದ ನಲವತ್ನಾಲ್ಕು ಮೆಟ್ಟಿಲು

ಚಿಕ್ಕಕ್ಕನಿಗೆ ಮೆಟ್ಟಿಲು ಹತ್ತುವಷ್ಟು ಉಸಿರು ಇರಲಿಲ್ಲ.

ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಅವಳಿಗೆ ಇಸ್ತ್ರಿ ಕೆಲಸ. ಅಲ್ಲಿಂದ ಒಂದನೇ ಮಹಡಿಯ ಹೃದಯ ವಿಭಾಗಕ್ಕೆ ನಲವತ್ನಾಲ್ಕು ಮೆಟ್ಟಿಲು. ಲಿಫ್ಟು ರೋಗಿಗಳಿಗೆ ಮಾತ್ರ. ಹತ್ತು ಬೆಡ್‌ಶೀಟ್ ಹಿಡಿದು ಹೊರಟರೆ ಅವಳು ಮೂರು ಕಡೆ ನಿಲ್ಲುತ್ತಿದ್ದಳು. ಯಾರಾದರೂ ಎದುರಿಗೆ ಬಂದರೆ ಬಟ್ಟೆ ಎಣಿಸುವವಳಂತೆ ನಟಿಸುತ್ತಿದ್ದಳು.

ಅವಳ ಸ್ವಂತ ಅಕ್ಕ ಅದೇ ಲಾಂಡ್ರಿಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ಎಲ್ಲರಿಗೂ ಅವಳು ದೊಡ್ಡಕ್ಕ, ಇವಳು ಚಿಕ್ಕಕ್ಕ. ಹೋದ ವರ್ಷ ದೊಡ್ಡಕ್ಕನಿಗೆ ವಿಪರೀತ ಸುಸ್ತು ಶುರುವಾಯಿತು. ಬೆನ್ನು ನೋವು, ದವಡೆಯಲ್ಲಿ ಸೆಳೆತ, ಹೊಟ್ಟೆ ತೊಳಸು. "ಗ್ಯಾಸು ಕಣೇ, ಬಿಡು" ಎಂದಳು. ಸಿನಿಮಾದಲ್ಲಿ ಗಂಡಸರು ಬೀಳುವ ಹಾಗೆ ಎದೆ ಹಿಡಿದುಕೊಂಡು ಬೀಳಲಿಲ್ಲ. ಮಡಿಸಿದ ಬಟ್ಟೆಯ ರಾಶಿಗೆ ಒರಗಿ ಕೂತಳು, ಮತ್ತೆ ಏಳಲಿಲ್ಲ. ಹೃದಯಾಘಾತ ಎಂದು ಬರೆದುಕೊಟ್ಟರು. ಅವಳಿಗೆ ಐವತ್ತೆರಡು ವರ್ಷ.

ಚಿಕ್ಕಕ್ಕನಿಗೆ ಈಗ ನಲವತ್ತೊಂಬತ್ತು. ಅಂದಿನಿಂದ ಅವಳು ಪ್ರತಿ ಮೆಟ್ಟಿಲಿನಲ್ಲೂ ತನ್ನ ಎದೆಬಡಿತಕ್ಕೆ ಕಿವಿಗೊಡುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ. ಬಾಯಿಬಿಟ್ಟರೆ ನಿಜವಾಗಿಬಿಡುತ್ತದೆ ಎಂಬ ಹೆದರಿಕೆ.

ಒಂದು ದಿನ ಮೆಟ್ಟಿಲ ತಿರುವಿನಲ್ಲಿ ಫಿಸಿಯೋಥೆರಪಿಯ ಹುಡುಗಿ ಎದುರಾದಳು. ರೋಗಿಗಳಿಗೆ ವ್ಯಾಯಾಮ ಮಾಡಿಸುವವಳು. ಲಾಂಡ್ರಿಯವರ ಬಾಯಲ್ಲಿ ವ್ಯಾಯಾಮದ ಮೇಡಂ.

"ಚಿಕ್ಕಕ್ಕಾ, ನಿನ್ನೆನೂ ಇಲ್ಲೇ ನಿಂತು ಎಣಿಸ್ತಿದ್ರಿ. ಹತ್ತು ಬೆಡ್‌ಶೀಟ್ ಎಣಿಸೋಕೆ ಎಷ್ಟು ಹೊತ್ತು ಬೇಕು?"

"ವಯಸ್ಸಾಯ್ತಲ್ಲ ಮೇಡಂ."

"ಬಿಪಿ ನೋಡಿಸಿದೀರಾ?"

"ಬೆಳಗಿಂದ ಸಂಜೆವರೆಗೂ ನಿಂತೇ ದುಡಿಯೋಳು ನಾನು. ನಂಗ್ಯಾಕೆ ಬಿಪಿ? ಕೂತು ತಿನ್ನೋರಿಗೆ ಬರ್ಬೇಕು ಅದು."

"ದುಡಿಯೋದು ಬೇರೆ, ಮೈಗೆ ಬಲ ಬರೋದು ಬೇರೆ. ಇಪ್ಪತ್ತು ವರ್ಷದಿಂದ ಅದೇ ಇಸ್ತ್ರಿಪೆಟ್ಟಿಗೆ, ಅದೇ ಬಲಗೈ. ಭಾರ ಅಂತ ಯಾವತ್ತು ಎತ್ತಿದೀರಾ ಹೇಳಿ?"

ಚಿಕ್ಕಕ್ಕನಿಗೆ ನಗು ಬಂತು. ಲಾಂಡ್ರಿಯಲ್ಲಿ ಭಾರ ಎತ್ತುವುದು ಹೆಂಗಸರ ಕೆಲಸವೇ ಅಲ್ಲ. ಒದ್ದೆ ಬಟ್ಟೆಯ ಗಂಟು ಎತ್ತಬೇಕಾದಾಗ ಹ್ಯಾಂಗರಿನಿಂದ ಪೈಪಿಗೆ ಎರಡು ಸಲ ಬಡಿಯಬೇಕು. ಗಂಟಣ್ಣ ಬಂದು ಎತ್ತುತ್ತಾನೆ. ಆ ಕೆಲಸದಿಂದಲೇ ಅವನಿಗೆ ಆ ಹೆಸರು. ಹೆಂಗಸರು ಗಂಟು ಮುಟ್ಟಿದ್ದನ್ನು ಯಾರೂ ಕಂಡಿರಲಿಲ್ಲ.

"ನಗ್ಬೇಡಿ. ಮುಟ್ಟು ನಿಂತ ಮೇಲೆ ಹೆಂಗಸರ ಹೃದಯಕ್ಕೆ ಅಪಾಯ ಜಾಸ್ತಿ ಆಗುತ್ತೆ. ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಬಲ ಬರೋ ವ್ಯಾಯಾಮ ಮಾಡಿದ್ರೆ ಬಿಪಿ ಇಳಿಯೋಕೆ ಸಹಾಯ, ಸಕ್ಕರೆ ಹಿಡಿತಕ್ಕೆ ಬರೋಕೂ ಸಹಾಯ. ಸಂಜೆ ಬನ್ನಿ, ಮೊದಲು ಬಿಪಿ ನೋಡೋಣ."

ಸಂಜೆ ಅವಳು ಹೋಗಲಿಲ್ಲ. ಅಳೆದರೆ ತಾನೇ ಅಂಕಿ ಬರುವುದು? ಅಳೆಯದಿದ್ದರೆ ಏನೂ ಇಲ್ಲ.

ಮನೆಯಲ್ಲಿ ಅತ್ತೆಗೆ ವಿಷಯ ಹೇಳಿದಳು. ಅತ್ತೆಯ ಬಾಯಿ ಕತ್ತರಿಯಂಥದ್ದು.

"ಭಾರ ಎತ್ತೋಕೆ ಹೋಗ್ತೀಯಾ? ಸೊಂಟ ಬಗ್ಗಲ್ಲ, ಪೈಲ್ವಾನ್ ಆಗ್ತಾಳಂತೆ! ನಿಮ್ಮಕ್ಕ ದುಡಿದೂ ದುಡಿದೂ ಹೋದ್ಲು. ನೀನು ಎತ್ತೀ ಎತ್ತೀ ಹೋಗು."

ಆಡಿದ ಮೇಲೆ ಅತ್ತೆಯೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಚಿಕ್ಕಕ್ಕ ತಟ್ಟೆ ತೆಗೆದಿಟ್ಟು ಎದ್ದುಹೋದಳು.

ಮರುದಿನ ಅವಳು ಒಂದು ತಪ್ಪು ಮಾಡಿದಳು. ಮೇಡಂ ಹೇಳಿದ ಎರಡು ಮಾತಲ್ಲಿ ಬಿಪಿಯ ಮಾತು ಬಿಟ್ಟು ಭಾರದ ಮಾತು ಹಿಡಿದಳು. ಲಾಂಡ್ರಿಯವರಿಗೆ ಭಾರವೆಂದರೆ ಒದ್ದೆ ಗಂಟು ಒಂದೇ. ಪೈಪಿಗೆ ಬಡಿಯದೆ ತಾನೇ ಬಗ್ಗಿ ಗಂಟನ್ನು ತಬ್ಬಿಕೊಂಡಳು. ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು ಎತ್ತಿದಳು. ಗಂಟು ಮೊಣಕಾಲಿನವರೆಗೆ ಬಂತು. ಕಿವಿಯೊಳಗೆ ನೀರು ನುಗ್ಗಿದ ಸದ್ದು. ಕಣ್ಣು ಕತ್ತಲಿಟ್ಟಿತು. ಗಂಟಿನ ಮೇಲೇ ಕುಸಿದಳು. ಅಕ್ಕನೂ ಹೀಗೇ ಬಟ್ಟೆಗೆ ಒರಗಿದ್ದಳು ಎಂಬುದೊಂದೇ ತಲೆಯಲ್ಲಿ. ಕೈಗೆ ಸಿಕ್ಕ ಹ್ಯಾಂಗರಿನಿಂದ ಪೈಪಿಗೆ ಎರಡು ಸಲ ಬಡಿದಳು.

ಗಂಟಣ್ಣ ಬಂದ. "ಯಾವ ಗಂಟು ಚಿಕ್ಕಕ್ಕಾ?"

ಅವಳು ತನ್ನನ್ನೇ ತೋರಿಸಿಕೊಂಡಳು.

ಆ ದಿನ ಅವಳು ಲಿಫ್ಟಿನಲ್ಲಿ ಹೋದಳು, ರೋಗಿಯಾಗಿ. ಬಿಪಿ ನೂರ ಎಪ್ಪತ್ತು, ಕೆಳಗಿನದು ನೂರ ನಾಲ್ಕು. ಇಸಿಜಿ ತೆಗೆದರು, ರಕ್ತ ಪರೀಕ್ಷೆ ಮಾಡಿದರು. ಫಲಿತಾಂಶ ಬರುವವರೆಗೆ ಅವಳು ಮಂಚದ ಮೇಲೆ ಹಾಸಿದ್ದ ಬೆಡ್‌ಶೀಟಿನ ಇಸ್ತ್ರಿ ಗೆರೆಯನ್ನು ಬೆರಳಲ್ಲಿ ತೀಡುತ್ತ ಮಲಗಿದ್ದಳು. ತಾನೇ ಹಾಕಿದ ಗೆರೆ. ಹೃದಯಾಘಾತ ಆಗಿಲ್ಲ ಎಂದರು ಡಾಕ್ಟರು. ಮಾತ್ರೆ ಬರೆದುಕೊಟ್ಟರು.

ವ್ಯಾಯಾಮದ ಮೇಡಂ ಓಡಿಬಂದಳು. "ನಾನು ಹೇಳಿದ್ದೇನು, ನೀವು ಮಾಡಿದ್ದೇನು? ಬಿಪಿ ಇಷ್ಟಿರುವಾಗ ಉಸಿರು ಕಟ್ಟಿ ಭಾರ ಎತ್ತಬಾರ್ದು. ಮೊದಲು ಮಾತ್ರೆ. ಬಿಪಿ ಹಿಡಿತಕ್ಕೆ ಬಂದು ಡಾಕ್ಟ್ರು ಹೂಂ ಅಂದ್ಮೇಲೆ ವ್ಯಾಯಾಮ."

ಪಕ್ಕದಲ್ಲಿ ಅತ್ತೆ ನಿಂತಿದ್ದಳು. "ಇಷ್ಟಾದ್ರೂ ಮತ್ತೆ ಎತ್ತಿಸ್ತೀಯೇನಮ್ಮಾ ಇವಳ ಕೈಲಿ?"

"ಎತ್ತಿಸ್ತೀನಿ ಅಜ್ಜಿ. ಆದ್ರೆ ಗಂಟು ಅಲ್ಲ."

ಮೂರು ವಾರದ ನಂತರ ಡಾಕ್ಟರು ಒಪ್ಪಿದರು. ಸೋಪಿನ ದ್ರಾವಣ ಬರುವ ಐದು ಲೀಟರಿನ ಖಾಲಿ ಕ್ಯಾನುಗಳು ಲಾಂಡ್ರಿಯಲ್ಲಿ ರಾಶಿ ಬಿದ್ದಿದ್ದವು. ಮೇಡಂ ಎರಡು ಕ್ಯಾನುಗಳ ಮೇಲೆ ಪೆನ್ನಿನಿಂದ ಗೆರೆ ಎಳೆದಳು. ಮೊದಲ ಗೆರೆಯವರೆಗೆ ನೀರು, ಒಂದು ಲೀಟರು. ಅದು ಸಲೀಸಾದರೆ ಮೇಲಿನ ಗೆರೆ. ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು. ಗೋಡೆಗೆ ಕೈಕೊಟ್ಟು ತಳ್ಳುವುದು. ವಾರಕ್ಕೆ ಎರಡು ದಿನ, ನಡುವೆ ಬಿಡುವು.

"ಎತ್ತುವಾಗ ಬಾಯಿಬಿಟ್ಟು ಎಣಿಸಿ, ಉಸಿರು ತಾನಾಗೇ ಹೊರಗೆ ಬರುತ್ತೆ. ಎಣಿಸೋದ್ರಲ್ಲಿ ನೀವು ಹೇಗೂ ಪಳಗಿದೀರಾ."

ಚಿಕ್ಕಕ್ಕ ಮನೆಯಲ್ಲೂ ಮಾಡಿದಳು. ಅತ್ತೆ ಬಾಗಿಲಲ್ಲಿ ನಿಂತು ಕಾಯುತ್ತಿದ್ದಳು, ಬಿದ್ದರೆ ಹಿಡಿಯಲೆಂದು. ಚಿಕ್ಕಕ್ಕನ ಎಣಿಕೆ ಒಂದು ಕ್ಷಣ ನಿಂತರೂ "ಏನಾಯ್ತೇ?" ಎಂದು ಕೂಗುತ್ತಿದ್ದಳು.

ಮೂರು ತಿಂಗಳಾದ ಮೇಲೆ ಮತ್ತೆ ಬಿಪಿ ನೋಡಿದರು. ಪಟ್ಟಿ ತೋಳನ್ನು ಬಿಗಿಯುವಾಗ ಚಿಕ್ಕಕ್ಕ ಕಣ್ಣು ಮುಚ್ಚಿದಳು. ನೂರ ಇಪ್ಪತ್ತೆಂಟು, ಎಪ್ಪತ್ತೆಂಟು.

"ಮಾತ್ರೆಯಿಂದ ಇಳೀತೋ, ಕ್ಯಾನಿಂದ ಇಳೀತೋ?" ಅತ್ತೆ ಕೇಳಿದಳು.

"ಇಂತಿಷ್ಟು ಇದರದು ಅಂತ ಬಿಡಿಸಿ ಹೇಳೋಕಾಗಲ್ಲ" ಎಂದರು ಡಾಕ್ಟರು. "ಎರಡೂ ಬೇಕು. ಒಂದನ್ನೂ ಬಿಡ್ಬೇಡಿ. ನಡಿಗೆನೂ ಬಿಡ್ಬೇಡಿ."

ಆ ಸಂಜೆ ಚಿಕ್ಕಕ್ಕ ಹತ್ತು ಬೆಡ್‌ಶೀಟ್ ಹಿಡಿದು ಮೆಟ್ಟಿಲು ಹತ್ತಿದಳು. ಒಂದು ಕಡೆ ಮಾತ್ರ ನಿಂತಳು. ಅದೂ ಉಸಿರಿಗಾಗಿ ಅಲ್ಲ, ಹೆದರಿಕೆಯಿಂದ. ಹೆದರಿಕೆ ಇನ್ನೂ ಹೋಗಿಲ್ಲ. ಮನೆಗೆ ಬಂದಾಗ ಅತ್ತೆ ತನ್ನ ಬಿಪಿ ಚೀಟಿ ಮುಂದೆ ಹಿಡಿದಳು. ತಾನಾಗಿಯೇ ಹೋಗಿ ನೋಡಿಸಿಕೊಂಡು ಬಂದಿದ್ದಳು.

"ಡಾಕ್ಟ್ರು ಹೂಂ ಅಂದ್ರು. ನಂಗೆ ಯಾವ ಗೆರೆವರೆಗೆ ತುಂಬಿಸ್ತೀಯಾ?"

ಇದನ್ನು ಓದುತ್ತಿರುವ ತಾಯಂದಿರೇ, ಅಕ್ಕತಂಗಿಯರೇ, ನೀವೂ ಬೆಳಗಿಂದ ದುಡಿಯುತ್ತೀರಿ, ಸುಳ್ಳಲ್ಲ. ಆದರೆ ದುಡಿತ ಎದೆಗೆ ಕಾವಲಲ್ಲ. ಈ ವಾರವೇ ಬಿಪಿ, ಸಕ್ಕರೆ ನೋಡಿಸಿ. ಡಾಕ್ಟರನ್ನು ಕೇಳಿ, ಕಡಿಮೆ ಭಾರದಿಂದ ಶುರು ಮಾಡಿ, ವಾರಕ್ಕೆ ಎರಡು ದಿನ. ಉಸಿರು ಕಟ್ಟಬೇಡಿ, ಮಾತ್ರೆ ಬಿಡಬೇಡಿ. ಕಾರಣವಿಲ್ಲದ ಸುಸ್ತು, ಉಸಿರಾಟದ ಕಷ್ಟ, ದವಡೆ, ಬೆನ್ನು ಅಥವಾ ಎದೆಯಲ್ಲಿ ನೋವು, ತಣ್ಣನೆ ಬೆವರು ಕಂಡರೆ ಗ್ಯಾಸು ಎಂದು ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ದೊಡ್ಡಕ್ಕ ಸುಸ್ತು ಎಂದ ದಿನದಿಂದ ಕೊನೆಯ ದಿನದವರೆಗೆ ರಜೆ ಹಾಕದೆ ಕೆಲಸಕ್ಕೆ ಬಂದಿದ್ದಳು. ಹೃದಯದ ಡಾಕ್ಟರು ನಲವತ್ನಾಲ್ಕು ಮೆಟ್ಟಿಲು ಮೇಲಿದ್ದರು. ಕಳೆದುಹೋದದ್ದು ಆ ಹನ್ನೊಂದು ದಿನ, ಒಬ್ಬಳು ಅಕ್ಕ.