ಕಂಬದ ಸದ್ದು, ಕಂಬದ ಭಾರ

ತಾರಸಿ ಹಾಕುವ ದಿನ ಯಾರಿಗೂ ಉಸಿರಾಡಲು ಪುರುಸೊತ್ತಿರುವುದಿಲ್ಲ. ಕಾಂಕ್ರೀಟ್ ಲಾರಿ ಬಾಗಿಲಲ್ಲೇ ಗುರುಗುಟ್ಟುತ್ತಿತ್ತು. ಮೇಸ್ತ್ರಿ ಮಾತ್ರ ಅವಸರಪಡದೆ, ಹಲಗೆಗಳನ್ನು ಹೊತ್ತು ನಿಂತ ಕಬ್ಬಿಣದ ಕಂಬಗಳನ್ನು ಒಂದೊಂದಾಗಿ ಸುತ್ತಿಗೆಯಿಂದ ತಟ್ಟುತ್ತ ಬಂದ. ಠಣ್ ಎಂದರೆ ಕಂಬ ಗಟ್ಟಿ, ಸದ್ದು ಮಂಕಾದರೆ ಬಿಗಿ ಮಾಡಬೇಕು. ಅಪ್ಪನಿಂದ ಬಂದ ವಿದ್ಯೆ. ಆ ಕಂಬಗಳ ನಡುವೆ, ಹಸಿ ತಾರಸಿಯ ಕೆಳಗೆ, ಸಡಿಲಾದದ್ದನ್ನು ಬಿಗಿ ಮಾಡುತ್ತ ಕಾವಲು ನಿಲ್ಲುವವನು ಅವನ ಒಡಹುಟ್ಟಿದ ತಮ್ಮ.

ಇಂಜಿನಿಯರಮ್ಮ ಕೆಲವು ಕಂಬಗಳ ಬುಡಕ್ಕೆ ಭಾರ ಅಳೆಯುವ ಪುಟ್ಟ ಡಬ್ಬಿ ಇರಿಸಿ, ವೈರು ಎಳೆದು, ಹೊರಗೆ ಮೀಟರ್ ಹಿಡಿದು ಕೂತಿದ್ದಳು.

"ಕಂಬಕ್ಕೂ ಬಿ.ಪಿ. ನೋಡ್ತೀರಾ ಮೇಡಂ?" ಎಂದ ಮೇಸ್ತ್ರಿ, ಡಾಕ್ಟರ ಗತ್ತಿನಲ್ಲಿ ಒಂದು ಕಂಬದ ನಾಡಿ ಹಿಡಿದು ತೋರಿಸಿದ. ಆಳುಗಳೆಲ್ಲ ನಕ್ಕರು.

"ಬಿ.ಪಿ. ಏರಿದೋರೂ ನಗ್ತಾನೇ ಇರ್ತಾರೆ ಮೇಸ್ತ್ರಿ, ಬೀಳೋವರೆಗೂ," ಎಂದಳು ಅವಳು.

ಮಧ್ಯಾಹ್ನ ಮೂಲೆಯ ಕಂಬವೊಂದರ ಅಂಕಿ ಮಿತಿ ದಾಟಿತು. ಇಂಜಿನಿಯರಮ್ಮ ಕಾಂಕ್ರೀಟ್ ಪಂಪು ನಿಲ್ಲಿಸಿ, ಮೇಲಿದ್ದವರನ್ನು ಇಳಿಸಿದಳು; ಕೆಳಗಿದ್ದವನನ್ನೂ ಹೊರಗೆ ಕರೆಯಿರಿ ಎಂದಳು. ಪೈಪಿನಲ್ಲೇ ಕಾಂಕ್ರೀಟ್ ಕಲ್ಲಾಗುತ್ತದೆಂದು ಮೇಸ್ತ್ರಿ ಸಿಡುಕಿದ. ಹೊರಗಿನಿಂದಲೇ ಕೈ ಚಾಚಿ ಆ ಕಂಬವನ್ನು ತಟ್ಟಿದ. ಠಣ್. ಬೆಳಗ್ಗೆಯೂ ಅಷ್ಟು ಇಂಪಾಗಿ ಕೇಳಿರಲಿಲ್ಲ.

"ನಂಗದೇ ಭಯ," ಎಂದಳು ಅವಳು. "ಪಕ್ಕದ ಕಂಬ ಸಡಿಲ ಮಣ್ಣಲ್ಲಿ ಇಳಿದಿದೆ. ಅದರ ಭಾರಾನೂ ಇದೇ ಹೊತ್ಕೊಂಡಿದೆ. ಭಾರ ಇದೆ ಅಂತ ಸದ್ದು ಹೇಳತ್ತೆ, ಎಷ್ಟಿದೆ ಅಂತ ಹೇಳಲ್ಲ."

ಮೇಸ್ತ್ರಿ ಸುತ್ತಿಗೆ ಬಿಸಾಕಿ ಒಳಕ್ಕೆ ಬಗ್ಗಿ ಕೂಗಿದ. "ಲೋ, ಬಾರೋ ಈಚೆ." ಇದೊಂದು ಬಿಗಿ ಮಾಡಿ ಬರುತ್ತೇನೆಂದು ತಮ್ಮ ಒಳಗಿನಿಂದ ಗೊಣಗಿದ. ಎರಡನೇ ಸಲ ಕರೆದಾಗ ಅಣ್ಣನ ದನಿ ಒಡೆದಿತ್ತು. ಅದನ್ನು ಕೇಳಿಯೇ ತಮ್ಮ ಎದ್ದು ಬಂದ.

ಅವನು ನೀರಿನ ಚೊಂಬು ಎತ್ತುವಷ್ಟರಲ್ಲಿ ಆ ಕಂಬ ಬಾಗಿ, ಮೂಲೆ ಕುಸಿಯಿತು. ಅವನು ಕುಕ್ಕರುಗಾಲಲ್ಲಿ ಕೂತಿದ್ದ ಜಾಗವನ್ನು ಬೂದು ಕೆಸರು ನಿಧಾನವಾಗಿ ತುಂಬಿಕೊಂಡಿತು.

ಸಂಜೆ ಮನೆಯಲ್ಲಿ ತಮ್ಮನ ಹೆಂಡತಿ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು: "ಇಷ್ಟು ವರ್ಷ ಬರೀ ಆ ಸದ್ದು ನಂಬ್ಕೊಂಡು ಇವರನ್ನ ಕೆಳಗೆ ನಿಲ್ಲಿಸ್ತಿದ್ರಾ, ಭಾವ?"

ಇನ್ನು ಮೇಲೆ ಭಾರ ಅಳೆಯದೆ ಒಂದು ಬಾಂಡಲಿ ಕಾಂಕ್ರೀಟನ್ನೂ ಸುರಿಸುವುದಿಲ್ಲವೆಂದು ಮೇಸ್ತ್ರಿ ನೆಲ ನೋಡುತ್ತ ಹೇಳಿದ. ಅವಳು ಗಂಡನ ತೋಳು ಹಿಡಿದುಕೊಂಡು ಕೂತಿದ್ದಳು.

ಓದುತ್ತಿರುವ ಮೇಸ್ತ್ರಿಗಳೇ, ಮನೆ ಕಟ್ಟಿಸುವವರೇ, ಕಂಬಗಳಿಗೆ ಗಟ್ಟಿ ನೆಲ ಕೊಡಿ. ಅವುಗಳ ಮೇಲಿನ ಭಾರವನ್ನು ತಿಳಿದವರಿಂದ ಅಳೆಸಿ. ಅಂಕಿ ಮಿತಿ ದಾಟಿದರೆ ಕೆಲಸ ನಿಲ್ಲಿಸಿ, ಜನರನ್ನು ಹೊರಗೆ ಕರೆಯಿರಿ. ಪೈಪಿನಲ್ಲಿ ಕಲ್ಲಾದ ಕಾಂಕ್ರೀಟನ್ನು ಒಡೆದು ತೆಗೆಯಬಹುದು. ಕೆಳಗೆ ಉಳಿದವನು ಎರಡನೇ ಕರೆಗೆ ಓಗೊಡದೆ ಹೋದರೆ ಏನು ಮಾಡುತ್ತೀರಿ?